ಓದುಗರ ಪ್ರಶ್ನೆ, ನಮ್ಮ ಉತ್ತರ: ಸಾಲ ತಂದ ಬೆಳ್ಳಿ, ತಾನೇ ಆರಿದ ರಿಯಾಕ್ಟರ್

ಮೊದಲ ಅಣುಬಾಂಬ್ ತಯಾರಾದ ಬಗೆ ಕುರಿತು ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ‘ಆ ಸೂತ್ರ ಯಾರ ಕೈಲಿತ್ತು, ಯಾರು ಕದ್ದರು’ ಎಂಬ ಧಾಟಿಯವು. ಯುರೇನಿಯಂ ಪರಮಾಣು ಒಡೆಯುತ್ತದೆ ಎಂಬುದು 1939ರಲ್ಲೇ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಓದಬಲ್ಲವರೆಲ್ಲ ಓದಿದ್ದರು. ಅಮೆರಿಕದ ಮ್ಯಾನ್‌ಹಟನ್ ಯೋಜನೆ ನುಂಗಿದ ಸುಮಾರು 200 ಕೋಟಿ ಡಾಲರ್‌ನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೋದದ್ದು ಕಾರ್ಖಾನೆ ಕಟ್ಟುವುದಕ್ಕೆ, ಸಾಮಗ್ರಿ ತೆಗೆಯುವುದಕ್ಕೆ. ಹಾಗಾಗಿ ಕಾರ್ಖಾನೆಯ ಕಡೆಯ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇವೆ. ಬಾಂಬಿನ ಒಳಗಿನ ಅಳತೆಗಳನ್ನು ಕೇಳಿದ ಇಬ್ಬರು ಓದುಗರು ಮನ್ನಿಸಬೇಕು, ಅದು ಈ ಅಂಕಣದ ಕೆಲಸವಲ್ಲ.

ಪ್ರಶ್ನೆ: ಯುರೇನಿಯಂ 235 ಮತ್ತು 238 ಒಂದೇ ಅದಿರಿನಲ್ಲಿ ಸಿಗುತ್ತವೆ. ಚಿನ್ನದ ಅದಿರನ್ನು ಸೋಸಿದಂತೆ ಯಾವುದಾದರೂ ಆಸಿಡ್ ಹಾಕಿ ಬೇರ್ಪಡಿಸಬಹುದಿತ್ತಲ್ಲ? ಅದಕ್ಕೆ ಊರಿಗೆ ಊರನ್ನೇ ಕಟ್ಟುವ ಅಗತ್ಯ ಏನಿತ್ತು? (ಪಿಯುಸಿ ವಿದ್ಯಾರ್ಥಿನಿ, ತಿಪಟೂರು)

ಉತ್ತರ: ಆಸಿಡ್‌ಗೆ ಕಾಣುವುದು ಪರಮಾಣುವಿನ ಹೊರಗಿನ ಎಲೆಕ್ಟ್ರಾನ್‌ಗಳು ಮಾತ್ರ. 235ಕ್ಕೂ 238ಕ್ಕೂ ಎಲೆಕ್ಟ್ರಾನ್ 92, ಆದ್ದರಿಂದ ಆಸಿಡ್ ಪಾಲಿಗೆ ಎರಡೂ ಒಂದೇ. ವ್ಯತ್ಯಾಸವಿರುವುದು ತೂಕದಲ್ಲಿ, ಅದೂ ನೂರಕ್ಕೆ ಒಂದೂಕಾಲರಷ್ಟು. ಸಾವಿರ ಪರಮಾಣು ತೆಗೆದುಕೊಂಡರೆ ಅದರಲ್ಲಿ ಏಳು ಮಾತ್ರ ಬಾಂಬಿಗೆ ಬೇಕಾದ 235. ಅಕ್ಕಿಯಲ್ಲಿ ಕಲ್ಲು ಆರಿಸಬಹುದು, ಬಣ್ಣ ಬೇರೆ, ಗಡಸು ಬೇರೆ. ಇಲ್ಲಿ ಆರಿಸಬೇಕಾದದ್ದು ಅಕ್ಕಿಯಲ್ಲಿ ಅಕ್ಕಿಯನ್ನೇ, ಒಂದೂಕಾಲು ಪಾಲು ಹಗುರವಾದ ಕಾಳನ್ನು.

ಟೆನೆಸಿ ರಾಜ್ಯದ ಓಕ್ ರಿಜ್‌ನಲ್ಲಿ ಇದಕ್ಕೆ ಮೂರು ದಾರಿ ಹಿಡಿದರು. ಕೆ-25 ಎಂಬ ಕಾರ್ಖಾನೆಯಲ್ಲಿ ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲವನ್ನು ಕಣ್ಣಿಗೆ ಕಾಣದ ರಂಧ್ರಗಳಿದ್ದ ನಿಕಲ್ ಪೊರೆಯ ಮೂಲಕ ತಳ್ಳುತ್ತಿದ್ದರು. ಹಗುರ ಅಣು ಕೊಂಚ ವೇಗವಾಗಿ ಓಡಾಡುವುದರಿಂದ ಅದು ಕೊಂಚ ಹೆಚ್ಚು ದಾಟುತ್ತದೆ. ಎಷ್ಟು ಕೊಂಚ? ಒಂದು ಅಣುವಿನ ತೂಕ 349, ಇನ್ನೊಂದರದು 352. 352ನ್ನು 349ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, 1.0043 ಬರುತ್ತದೆ. ಅಂದರೆ ಒಂದು ಪೊರೆಯಿಂದ ಸಿಗುವ ಲಾಭ, ಎಲ್ಲ ಸರಿಯಿದ್ದರೂ, ಸಾವಿರಕ್ಕೆ ನಾಲ್ಕು. ಅದಕ್ಕೇ ಒಂದರ ಹಿಂದೆ ಒಂದರಂತೆ ಸಾವಿರಾರು ಹಂತಗಳು, ಲಾಳದ ಆಕಾರದಲ್ಲಿ ಎರಡೂ ತೋಳು ಅರ್ಧರ್ಧ ಮೈಲಿ ಚಾಚಿದ ಕಟ್ಟಡ. ಫ್ಲೋರೀನ್‌ಗೆ ಪ್ರಕೃತಿಯಲ್ಲಿ ಒಂದೇ ಸಮಸ್ಥಾನಿ, ಅಂದರೆ ಒಂದೇ ತೂಕದ ಪರಮಾಣು, ಇರುವುದು ಅದೃಷ್ಟ. ಎರಡಿದ್ದಿದ್ದರೆ ಈ ಮೂರರ ವ್ಯತ್ಯಾಸವೂ ಕಲಸಿಹೋಗುತ್ತಿತ್ತು.

ಕೆಲಸ ಕೆಡಿಸುತ್ತಿದ್ದದ್ದು ಆ ಅನಿಲದ ಸ್ವಭಾವ. 56 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಮಾಮೂಲಿ ಒತ್ತಡದಲ್ಲಿ ಗಟ್ಟಿಯಾಗಿ ಕೂರುತ್ತದೆ. ತೇವ ಸೋಕಿದರೆ ಹೈಡ್ರೊಫ್ಲೋರಿಕ್ ಆಸಿಡ್ ಹುಟ್ಟಿ ಕೊಳವೆಯನ್ನೇ ತಿನ್ನುತ್ತದೆ. ಸಾಮಾನ್ಯ ಗ್ರೀಸ್, ಎಣ್ಣೆ ತಾಗಿದರೆ ಅವುಗಳೊಡನೆ ಪ್ರತಿಕ್ರಿಯಿಸುತ್ತದೆ. ಅದಕ್ಕೆ ಪಂಪುಗಳ ಸೀಲನ್ನೇ ಹೊಸದಾಗಿ ರೂಪಿಸಬೇಕಾಯಿತು. ಇತ್ತ ಕಟ್ಟಡ ಎದ್ದು ನಿಲ್ಲುತ್ತಿತ್ತು, ಅತ್ತ ಒಳಗೆ ಹಾಕಬೇಕಾದ ಪೊರೆ ಇನ್ನೂ ಪ್ರಯೋಗಶಾಲೆಯಲ್ಲೇ ಪುಡಿಯಾಗುತ್ತಿತ್ತು. ಮನೆ ಕಟ್ಟಿಸುವವರಿಗೆ ಈ ಸಂಕಟ ಗೊತ್ತಿರುತ್ತದೆ.

ಎರಡನೆಯದು ವೈ-12, ಅದರ ವಿಷಯ ಮುಂದಿನ ಪ್ರಶ್ನೆಯಲ್ಲಿದೆ. ಮೂರನೆಯದು ಎಸ್-50: ಕೊಳವೆಯೊಳಗೆ ಕೊಳವೆ, ಒಳಗೆ ಹಬೆ, ಹೊರಗೆ ತಣ್ಣೀರು, ನಡುವಿನ ಸಂದಿಯಲ್ಲಿ ದ್ರವರೂಪದ ಹೆಕ್ಸಾಫ್ಲೋರೈಡ್. ಹಗುರವಾದದ್ದು ಬಿಸಿಯ ಕಡೆ ಸರಿದು ಮೇಲೇರುತ್ತದೆ. 48 ಅಡಿ ಎತ್ತರದ 2,142 ಕಂಬಗಳಿದ್ದ ಈ ಕಾರ್ಖಾನೆ 235ರ ಪಾಲನ್ನು ಶೇ. 0.72ರಿಂದ 0.85ರ ಆಸುಪಾಸಿಗೆ ಒಯ್ಯುವಷ್ಟೇ ಶಕ್ತ. ಮೊದಲಿಗೆ ಈ ಮೂರನ್ನೂ ಪಂದ್ಯದ ಕುದುರೆಗಳಂತೆ ನೋಡುತ್ತಿದ್ದರು, ಗೆದ್ದದ್ದನ್ನು ಇಟ್ಟುಕೊಳ್ಳೋಣ ಎಂದು. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಬೇಕೆಂದು ಹೊಳೆದದ್ದು 1944ರಲ್ಲಿ. ಎಸ್-50 ಕೊಟ್ಟದ್ದು ಕೆ-25ಕ್ಕೆ, ಅಲ್ಲಿಂದ ವೈ-12ಕ್ಕೆ. ಆಮೇಲಷ್ಟೇ ಸರಕು ಹೊರಬೀಳುವ ವೇಗ ಹೆಚ್ಚಿತು.

ಪ್ರಶ್ನೆ: ಬಾಂಬಿಗಾಗಿ ಅಮೆರಿಕ ತನ್ನ ಖಜಾನೆಯ ಬೆಳ್ಳಿಯನ್ನೆಲ್ಲ ಕರಗಿಸಿತು ಎಂದು ಎಲ್ಲೋ ಓದಿದೆ. ಬಾಂಬಿನಲ್ಲಿ ಬೆಳ್ಳಿ ಎಲ್ಲಿ ಬಂತು? (ಚಿನ್ನಬೆಳ್ಳಿ ಕೆಲಸದವರು, ಉಡುಪಿ)

ಉತ್ತರ: ಬಾಂಬಿನಲ್ಲಲ್ಲ, ಅಯಸ್ಕಾಂತದ ಸುರುಳಿಯಲ್ಲಿ. ವೈ-12 ಕಾರ್ಖಾನೆಯ ಯಂತ್ರಕ್ಕೆ ಕ್ಯಾಲುಟ್ರಾನ್ ಎಂದು ಹೆಸರು, ಅರ್ನೆಸ್ಟ್ ಲಾರೆನ್ಸ್ ಅವರ ಯೋಜನೆ. ಗಾಳಿ ತೆಗೆದ ತೊಟ್ಟಿಯಲ್ಲಿ ಯುರೇನಿಯಂ ಅಯಾನುಗಳನ್ನು ಹಾರಿಸುತ್ತಾರೆ. ಅಯಸ್ಕಾಂತ ಅವನ್ನು ಬಾಗಿಸುತ್ತದೆ. 235 ತುಸು ಬಿಗಿಯಾದ ತಿರುವು ತೆಗೆದುಕೊಳ್ಳುತ್ತದೆ. ಆಲ್ಫಾ ಎಂಬ ಮೊದಲ ಹಂತದ ಯಂತ್ರದಲ್ಲಿ ತಿರುವಿನ ತ್ರಿಜ್ಯ 48 ಅಂಗುಲ. ಅರ್ಧ ವೃತ್ತ ಸುತ್ತಿ ಬರುವಷ್ಟರಲ್ಲಿ ಎರಡೂ ಕಿರಣಗಳ ನಡುವೆ ಬೆರಳಗಲದಷ್ಟು ಅಂತರ. ಆ ಅಂತರದಲ್ಲಿ ಒಂದು ಕಿಸೆ ಇಟ್ಟು ಹಿಡಿಯಬೇಕು.

ಇಷ್ಟು ದೊಡ್ಡ ಅಯಸ್ಕಾಂತಗಳಿಗೆ ತಾಮ್ರ ಬೇಕಿತ್ತು, ಆದರೆ ತಾಮ್ರವೆಲ್ಲ ಗುಂಡು, ಷೆಲ್‌ಗಳಿಗೆ ಹೋಗುತ್ತಿತ್ತು. ಬೆಳ್ಳಿ ತಾಮ್ರಕ್ಕಿಂತ ಶೇ. 6ರಷ್ಟು ಉತ್ತಮ ವಾಹಕ, ಅದು ಸುಮ್ಮನೆ ಬಿದ್ದಿತ್ತು. 1942ರಲ್ಲಿ ಕರ್ನಲ್ ಕೆನೆತ್ ನಿಕಲ್ಸ್ ಖಜಾನೆಯ ಡೇನಿಯಲ್ ಬೆಲ್ ಅವರ ಬಳಿ ಹೋಗಿ ಸಾವಿರಗಟ್ಟಲೆ ಟನ್ ಬೆಳ್ಳಿ ಕೇಳಿದರು. ಇಲ್ಲಿ ಬೆಳ್ಳಿಯನ್ನು ಟನ್ನಿನಲ್ಲಿ ಅಳೆಯುವ ಪದ್ಧತಿ ಇಲ್ಲ, ಟ್ರಾಯ್ ಔನ್ಸಿನಲ್ಲಿ ಹೇಳಿ ಎಂಬರ್ಥದ ಉತ್ತರ ಬಂತು. ನಿಮ್ಮ ಅಂಗಡಿಯಲ್ಲಿ ಯಾರಾದರೂ ಕ್ವಿಂಟಾಲ್ ಲೆಕ್ಕದಲ್ಲಿ ಬೆಳ್ಳಿ ಕೇಳಿದರೆ ನೀವೂ ಹಾಗೇ ನೋಡುತ್ತೀರಿ. ಕೊನೆಗೆ ಹೋದದ್ದು ಸುಮಾರು 13,300 ಮೆಟ್ರಿಕ್ ಟನ್, ಅಂದರೆ 43 ಕೋಟಿ ಟ್ರಾಯ್ ಔನ್ಸಿನ ಆಸುಪಾಸು. ವೆಸ್ಟ್ ಪಾಯಿಂಟ್ ಭಂಡಾರದಿಂದ ಹೊರಟ ಗಟ್ಟಿಗಳನ್ನು ನ್ಯೂಜೆರ್ಸಿಯಲ್ಲಿ ಕರಗಿಸಿ ಉರುಳೆ ಎರಕ ಹೊಯ್ದು, ಪಟ್ಟಿ ಎಳೆದು, ಮಿಲ್ವಾಕಿಯಲ್ಲಿ ಸುರುಳಿ ಸುತ್ತಿದರು.

ಆಮೇಲೆ ಬಂದದ್ದು ಪಜೀತಿ. 1943ರ ಕೊನೆಯಲ್ಲಿ ಯಂತ್ರ ಚಾಲೂ ಮಾಡಿದರೆ 14 ಟನ್ ತೂಕದ ತೊಟ್ಟಿಗಳು ಅಯಸ್ಕಾಂತದ ಎಳೆತಕ್ಕೆ ಜಾಗ ಬಿಟ್ಟು ಸರಿದವು. ಅವನ್ನು ಬಿಗಿದು ಕಟ್ಟಿದರು. ಸುರುಳಿಗಳು ಶಾರ್ಟ್ ಆಗತೊಡಗಿದ್ದು ಅದಕ್ಕಿಂತ ಕೆಟ್ಟದ್ದು. ಡಿಸೆಂಬರ್‌ನಲ್ಲಿ ಯೋಜನೆಯ ಮುಖ್ಯಸ್ಥ ಜನರಲ್ ಲೆಸ್ಲಿ ಗ್ರೋವ್ಸ್ ಒಂದು ಅಯಸ್ಕಾಂತ ಒಡೆಸಿ ನೋಡಿದರೆ ಒಳಗೆ ಹಿಡಿ ಹಿಡಿ ತುಕ್ಕು. ಸುರುಳಿ ತಣ್ಣಗಿಡಲು ಹರಿಸುತ್ತಿದ್ದ ಎಣ್ಣೆಯಲ್ಲಿ ತುಕ್ಕು, ಕಸ ಸೇರಿ ಸುತ್ತಿನಿಂದ ಸುತ್ತಿಗೆ ಸೇತುವೆ ಕಟ್ಟುತ್ತಿತ್ತು. ಎಲ್ಲವನ್ನೂ ಬಿಚ್ಚಿ ಮಿಲ್ವಾಕಿಗೆ ವಾಪಸ್ ಕಳಿಸಿ ತೊಳೆಸಿದರು. ಕೊಳವೆಗಳನ್ನು ಆಸಿಡ್‌ನಲ್ಲಿ ಅದ್ದಿ ತೆಗೆಯುವ ಘಟಕವನ್ನು ಸ್ಥಳದಲ್ಲೇ ಕಟ್ಟಿದರು. ಯುದ್ಧಕಾಲದ ಅತಿ ಗುಪ್ತ ಯೋಜನೆ ನಿಂತದ್ದು ಕೊಳಕು ಎಣ್ಣೆಯಿಂದ.

ಯಂತ್ರ ನಡೆಯುವಾಗಲೂ ಸೋರಿಕೆಯೇ ಹೆಚ್ಚು. ಹಾಕಿದ ಯುರೇನಿಯಂನ ಬಹುಪಾಲು ತೊಟ್ಟಿಯ ಗೋಡೆಗೆ ಸಿಡಿದು ಅಂಟುತ್ತಿತ್ತು. ಅದನ್ನು ಕೆರೆದು, ತೊಳೆದು, ರಾಸಾಯನಿಕ ವಿಭಾಗದಲ್ಲಿ ಮತ್ತೆ ಉಪ್ಪಾಗಿಸಿ ಪುನಃ ಹಾಕಬೇಕು. ಫಲಕದ ಮುಂದೆ ಸ್ಟೂಲಿನ ಮೇಲೆ ಕೂತು ಮುಳ್ಳು ಅತ್ತಿತ್ತ ಹೋಗದಂತೆ ಗುಂಡಿ ತಿರುಗಿಸುತ್ತಿದ್ದವರು ಹೈಸ್ಕೂಲು ಮುಗಿಸಿದ ಸುತ್ತಲ ಹಳ್ಳಿಗಳ ಹುಡುಗಿಯರು. ಏನು ತಯಾರಾಗುತ್ತಿದೆ ಎಂದು ಅವರಿಗೆ ಹೇಳಿರಲಿಲ್ಲ. ಲಾರೆನ್ಸ್ ಅವರ ಪಿಎಚ್‌ಡಿ ಪಡೆಗೂ ಈ ಹುಡುಗಿಯರಿಗೂ ಉತ್ಪಾದನೆಯ ಪಂದ್ಯ ಇಟ್ಟಾಗ ಗೆದ್ದವರು ಹುಡುಗಿಯರು. ಮುಳ್ಳು ಅಲ್ಲಾಡಿದರೆ ಅವರು ಸರಿಪಡಿಸಿ ಸುಮ್ಮನಾಗುತ್ತಿದ್ದರು, ವಿಜ್ಞಾನಿಗಳು ಯಾಕೆ ಅಲ್ಲಾಡಿತು ಎಂದು ಹುಡುಕಲು ಹೊರಡುತ್ತಿದ್ದರು.

ಬೆಳ್ಳಿ ಏನಾಯಿತು ಎಂದರೆ, ಅದು ಸಾಲ, ತೀರಿಸಿದರು. ಪಟ್ಟಿಗೆ ರಂಧ್ರ ಕೊರೆದಾಗ ಬಿದ್ದ ಪುಡಿಯನ್ನೂ ಕಾಗದ ಹಾಸಿ ಹಿಡಿದಿದ್ದರು. ಯುದ್ಧ ಮುಗಿದ ಮೇಲೆ ಯಂತ್ರದಡಿಯ ನೆಲದ ಹಲಗೆ ಕಿತ್ತು ಸುಟ್ಟು ಬೂದಿಯಿಂದ ಬೆಳ್ಳಿ ತೆಗೆದರು. ನಿಮ್ಮ ಕಸುಬಿನವರಿಗೆ ಇದು ಹೊಸತಲ್ಲ. ಕೊನೆಯ ಕಂತು ಖಜಾನೆಗೆ ಮರಳಿದ್ದು 1970ರಲ್ಲಿ.

ಪ್ರಶ್ನೆ: ಐನ್‌ಸ್ಟೈನ್ ಅಣುಬಾಂಬ್ ಕಂಡುಹಿಡಿದರು ಎಂದು ಮಗನ ಪಠ್ಯೇತರ ಪುಸ್ತಕದಲ್ಲಿದೆ. ಸರಿಯೇ? (ಪೋಷಕರು, ಹಾವೇರಿ)

ಉತ್ತರ: ತಪ್ಪು. ಇಂಥ ಬಾಂಬ್ ಸಾಧ್ಯ ಎಂದು ಎಚ್ಚರಿಸಿ ಭೌತವಿಜ್ಞಾನಿ ಲಿಯೋ ಸಿಲಾರ್ಡ್ ಮುಂದೆ ನಿಂತು ಬರೆಸಿದ ಪತ್ರಕ್ಕೆ 1939ರ ಆಗಸ್ಟ್ 2ರ ದಿನಾಂಕದಲ್ಲಿ ಅವರು ಸಹಿ ಹಾಕಿದರು, ಅಕ್ಟೋಬರ್‌ನಲ್ಲಿ ಅದು ಅಧ್ಯಕ್ಷ ರೂಸ್‌ವೆಲ್ಟರ ಕೈಸೇರಿತು. ಯೋಜನೆಯಲ್ಲಿ ದುಡಿಯಲು ಸೇನೆ ಅವರಿಗೆ ಅನುಮತಿಯನ್ನೇ ಕೊಡಲಿಲ್ಲ. ಅವರ E = mc² ಸಮೀಕರಣ ಹೇಳುವುದು ಲೆಕ್ಕ, ದಾರಿಯನ್ನಲ್ಲ. ಹಿರೋಷಿಮಾದ ಬಾಂಬಿನಲ್ಲಿ 64 ಕಿಲೋ ಯುರೇನಿಯಂ ಇತ್ತು. ಒಡೆದದ್ದು ಒಂದು ಕಿಲೋಗಿಂತ ಕಡಿಮೆ. ಶಕ್ತಿಯಾಗಿ ಬದಲಾದ ದ್ರವ್ಯ ಒಂದು ಗ್ರಾಮೂ ಇಲ್ಲ, 0.7 ಗ್ರಾಂ. 1945ರ ಕೊನೆಯೊಳಗೆ ಅಲ್ಲಿ ಸತ್ತವರು ಸುಮಾರು 1,40,000.

ಪ್ರಶ್ನೆ: ಹ್ಯಾನ್‌ಫರ್ಡ್‌ನ ಮೊದಲ ರಿಯಾಕ್ಟರ್ ಚಾಲೂ ಆದ ಮರುದಿನವೇ ತಾನಾಗಿ ಆರಿಹೋಯಿತಂತೆ. ಯಾರಾದರೂ ಕಿಡಿಗೇಡಿತನ ಮಾಡಿದ್ದರೆ? (ಡಿಪ್ಲೊಮಾ ಕಾಲೇಜು ಉಪನ್ಯಾಸಕರು, ಕಾರವಾರ)

ಉತ್ತರ: ಯಾರೂ ಅಲ್ಲ, ಕ್ಸೆನಾನ್. ಪ್ರಶ್ನೆ ಕಾರವಾರದಿಂದ ಬಂದದ್ದು ಸರಿಯಾಗಿದೆ, ಪಕ್ಕದ ಕೈಗಾದಲ್ಲಿ ಇಂದಿಗೂ ಪಾಳಿಯ ಎಂಜಿನಿಯರುಗಳು ಇದೇ ಕ್ಸೆನಾನ್‌ನ ಲೆಕ್ಕ ಇಡುತ್ತಾರೆ.

ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ನದಿ ದಂಡೆಯ ಬಿ ರಿಯಾಕ್ಟರ್, ಯುರೇನಿಯಂನಿಂದ ಬಾಂಬಿನ ಇನ್ನೊಂದು ಸರಕಾದ ಪ್ಲುಟೋನಿಯಂ ಬೇಯಿಸುವ ಒಲೆ, ಅಂದರೆ ಗ್ರಾಫೈಟ್‌ನ ಗುಡ್ಡೆ, ಅದರೊಳಗೆ ಅಡ್ಡಡ್ಡವಾಗಿ 2,004 ಅಲ್ಯೂಮಿನಿಯಂ ಕೊಳವೆ. ಪ್ರತಿ ಕೊಳವೆಯಲ್ಲಿ ಅಂಗೈ ಉದ್ದಕ್ಕಿಂತ ತುಸು ದೊಡ್ಡ ಯುರೇನಿಯಂ ತುಂಡುಗಳ ಸಾಲು, ಸುತ್ತ ಹರಿಯುವ ನದಿ ನೀರು. ಒಂದೊಂದು ತುಂಡಿಗೂ ಅಲ್ಯೂಮಿನಿಯಂ ಅಂಗಿ ತೊಡಿಸಿ ಬೆಸುಗೆ ಹಾಕಬೇಕು. ಸೂಜಿಮೊನೆಯಷ್ಟು ತೂತಿದ್ದರೂ ನೀರು ಒಳಹೊಕ್ಕು ಯುರೇನಿಯಂ ಊದಿಕೊಂಡು ಕೊಳವೆಯನ್ನೇ ಕಟ್ಟಿಬಿಡುತ್ತದೆ. ಅಂಥ 64,000 ತುಂಡುಗಳು. ಈ ಅಂಗಿ ಹೊಲಿಯುವ ಕೆಲಸವೇ ತಿಂಗಳುಗಟ್ಟಲೆ ಎಲ್ಲರ ನಿದ್ದೆ ಕೆಡಿಸಿತ್ತು.

1944ರ ಸೆಪ್ಟೆಂಬರ್ 26ರ ರಾತ್ರಿ ರಿಯಾಕ್ಟರ್ ಏರತೊಡಗಿ 9 ಮೆಗಾವಾಟ್ ಮುಟ್ಟಿತು. ಕೆಲವು ತಾಸು ಚೆನ್ನಾಗಿತ್ತು. ಆಮೇಲೆ ಶಕ್ತಿ ಇಳಿಯತೊಡಗಿತು. ನಿಯಂತ್ರಣ ಸರಳು ಹೊರಗೆಳೆದರು, ಮತ್ತೂ ಇಳಿಯಿತು, ಇನ್ನೂ ಎಳೆದರು. 27ರ ಸಂಜೆಗೆ ಪೂರ್ತಿ ಆರಿತು. ನೀರು ಸೋರಿ ಗ್ರಾಫೈಟ್ ಒದ್ದೆಯಾಗಿದೆಯೇ? ನದಿ ನೀರಿನಲ್ಲಿ ನ್ಯೂಟ್ರಾನ್ ಹೀರುವ ಬೋರಾನ್ ಇದೆಯೇ? ಹುಡುಕುತ್ತಿರುವಾಗಲೇ ಮರುದಿನ ಬೆಳಗಿನ ಜಾವ ಅದು ತಾನೇ ಜೀವ ಹಿಡಿಯಿತು, ಏರಿಸಿದರು, ಮತ್ತೆ ಅದೇ ರೀತಿ ಇಳಿಯಿತು.

ಸೋರಿಕೆ ಹೀಗೆ ಗಂಟೆ ಹಿಡಿದು ಬಂದು ಹೋಗುವುದಿಲ್ಲ. ಭೌತವಿಜ್ಞಾನಿ ಜಾನ್ ವೀಲರ್ ಹಿಡಿದದ್ದು ಈ ಸುಳಿವನ್ನೇ. ಯುರೇನಿಯಂ ಒಡೆದಾಗ ಹುಟ್ಟುವ ಚೂರುಗಳಲ್ಲಿ ಅಯೋಡಿನ್ 135 ಒಂದು, ಅರ್ಧಾಯು ಆರೂವರೆ ತಾಸು. ಅದು ಕ್ಸೆನಾನ್ 135 ಆಗುತ್ತದೆ, ಅರ್ಧಾಯು ಒಂಬತ್ತು ತಾಸು ಚಿಲ್ಲರೆ. ಯುರೇನಿಯಂ ಒಡೆಯುತ್ತಲೇ ಇರಲು ಬೇಕಾದ ನ್ಯೂಟ್ರಾನ್‌ಗಳನ್ನು ನುಂಗುವುದರಲ್ಲಿ ಈ ಕ್ಸೆನಾನ್ ಬಕಾಸುರ. ಹೆಸರಾಂತ ಹೀರುಕ ಕ್ಯಾಡ್ಮಿಯಂ ಇದರ ಮುಂದೆ ಏನೂ ಅಲ್ಲ. ಅಯೋಡಿನ್ ಮೊದಲು ಕೂಡಿಬರಬೇಕು, ಆಮೇಲೆ ಕ್ಸೆನಾನ್. ಅದಕ್ಕೇ ಕೆಲವು ತಾಸು ತಡ. ರಿಯಾಕ್ಟರ್ ಆರಿದ ಮೇಲೆ ಕ್ಸೆನಾನ್ ತಾನಾಗಿ ಸವೆದುಹೋಗುತ್ತದೆ; ಅದಕ್ಕೇ ಮರುದಿನ ಪುನರ್ಜನ್ಮ. ಓಕ್ ರಿಜ್‌ನ ಸಣ್ಣ ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್ ಸಾಂದ್ರತೆ ಕಡಿಮೆ, ಹಾಗಾಗಿ ಈ ವಿಷ ಅಲ್ಲಿ ಎದ್ದು ಕಂಡಿರಲಿಲ್ಲ.

ಪರಿಹಾರ ಸಿದ್ಧವಾಗಿಯೇ ಇತ್ತು, ಅದೂ ಭೌತವಿಜ್ಞಾನಿಗಳಿಂದಲ್ಲ. ಅವರ ಲೆಕ್ಕಕ್ಕೆ 1,500 ಕೊಳವೆ ಸಾಕಾಗಿತ್ತು. ಡುಪಾಂಟ್ ಕಂಪನಿಯ ಎಂಜಿನಿಯರ್ ಜಾರ್ಜ್ ಗ್ರೇವ್ಸ್ ಹಟ ಹಿಡಿದು ಮೂಲೆಗಳಿಗೂ ಕೊಳವೆ ಹಾಕಿಸಿ 2,004 ಮಾಡಿಸಿದ್ದರು. ದುಡ್ಡು, ದಿನ ಎರಡೂ ದಂಡ ಎಂದು ಗೊಣಗಿದವರಿದ್ದರು. ಆ 504 ಕೊಳವೆಗಳಿಗೂ ಯುರೇನಿಯಂ ತುಂಬಿದಾಗ ಕ್ಸೆನಾನ್‌ನ ಪಾಲು ಕೊಟ್ಟೂ ನ್ಯೂಟ್ರಾನ್ ಉಳಿಯಿತು. ಡಿಸೆಂಬರ್‌ನಲ್ಲಿ ರಿಯಾಕ್ಟರ್ ಪೂರ್ಣ ತುಂಬಿ ಓಡಿತು, 1945ರ ಫೆಬ್ರುವರಿಯಲ್ಲಿ ಇಲ್ಲಿನ ಮೊದಲ ಪ್ಲುಟೋನಿಯಂ, ಬಾಂಬ್ ರೂಪಿಸುತ್ತಿದ್ದ ಲಾಸ್ ಅಲಮೋಸ್ ಪ್ರಯೋಗಾಲಯ ತಲುಪಿತು. ‘ಸ್ವಲ್ಪ ಜಾಸ್ತಿನೇ ಇರಲಿ’ ಎನ್ನುವ ಎಂಜಿನಿಯರನ್ನು ಬೈಯುವ ಮುನ್ನ ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೇಳಿ.

ಗ್ರಾಫೈಟ್ ಬದಲು ಭಾರಜಲ ಬಳಸುವ ಕೈಗಾದಂಥ ಸ್ಥಾವರದಲ್ಲಿ ಇದೇ ವಿಷ ಇನ್ನೊಂದು ಮುಖ ತೋರಿಸುತ್ತದೆ. ಪೂರ್ಣ ಶಕ್ತಿಯಲ್ಲಿ ಓಡುತ್ತಿದ್ದಾಗ ಥಟ್ಟನೆ ಟ್ರಿಪ್ ಆದರೆ, ಕ್ಸೆನಾನನ್ನು ಸುಡುತ್ತಿದ್ದ ನ್ಯೂಟ್ರಾನ್ ನಿಲ್ಲುತ್ತದೆ, ಅಯೋಡಿನ್ ಮಾತ್ರ ಹೆರುತ್ತಲೇ ಇರುತ್ತದೆ. ಹೆಚ್ಚುಕಡಿಮೆ ಅರ್ಧ ತಾಸಿನೊಳಗೆ ಮರಳಿ ಎಬ್ಬಿಸದಿದ್ದರೆ ಮತ್ತೆ ಒಂದು ದಿನಕ್ಕೂ ಮೀರಿ ಕಾಯಬೇಕು.

ಪ್ರಶ್ನೆ: ಜರ್ಮನರು ಮೊದಲು ಶುರು ಮಾಡಿಯೂ ಹಿಂದೆ ಬಿದ್ದದ್ದೇಕೆ?

ಉತ್ತರ: ಕಾರಣ ಹಲವು, ಹಣ, ಆಳು, ನೆತ್ತಿಯ ಮೇಲೆ ಬೀಳುತ್ತಿದ್ದ ಬಾಂಬುಗಳು. ಆದರೆ ಒಂದು ಕಾರಣ ತೀರ ಸಣ್ಣದು: ಕೊಳೆ. ನ್ಯೂಟ್ರಾನ್ ನಿಧಾನಿಸಲು ಗ್ರಾಫೈಟ್ ಆದೀತೇ ಎಂದು 1941ರ ಜನವರಿಯಲ್ಲಿ ಅವರ ಭೌತವಿಜ್ಞಾನಿ ವಾಲ್ಟರ್ ಬೋಥೆ ಅಳೆದರು, ಆಗದು ಎಂಬ ಉತ್ತರ ಬಂತು. ಅವರ ಗ್ರಾಫೈಟ್ ಅವರೆಣಿಸಿದಷ್ಟು ಶುದ್ಧವಿರಲಿಲ್ಲ. 2 ಲಕ್ಷ ಕಾರ್ಬನ್ ಪರಮಾಣುಗಳ ನಡುವೆ ಒಂದೇ ಒಂದು ಬೋರಾನ್ ಇದ್ದರೂ ನ್ಯೂಟ್ರಾನ್ ನಷ್ಟ ಇಮ್ಮಡಿಯಾಗುತ್ತದೆ. ಅತ್ತ ನ್ಯೂಯಾರ್ಕ್‌ನಲ್ಲಿ ಸಿಲಾರ್ಡ್ ಗ್ರಾಫೈಟ್ ಕಂಪನಿಯವರನ್ನು ಕೂರಿಸಿಕೊಂಡು ಬೋರಾನ್ ಬಗ್ಗೆಯೇ ಕೆದಕಿ ಕೇಳಿದರು, ಶುದ್ಧ ಸರಕು ತರಿಸಿದರು. ಭೌತವಿಜ್ಞಾನಿ ಎನ್ರಿಕೊ ಫರ್ಮಿ ಅಳೆದ ಫಲಿತಾಂಶವನ್ನು ಅಚ್ಚಿಗೆ ಕೊಡದಂತೆ ತಡೆದರು. ಜರ್ಮನರು ಭಾರಜಲದ ದಾರಿ ಹಿಡಿದರು. ಅದು ಸಿಗುತ್ತಿದ್ದದ್ದು ನಾರ್ವೆಯ ವೆಮೊರ್ಕ್ ಕಾರ್ಖಾನೆಯಿಂದ. 1943ರ ಫೆಬ್ರುವರಿಯಲ್ಲಿ ನಾರ್ವೆಯ ಕಮಾಂಡೊಗಳು ಅಲ್ಲಿನ ಭಾರಜಲದ ಕೋಶಗಳನ್ನು ಸ್ಫೋಟಿಸಿದರು, ಮರುವರ್ಷ ಉಳಿದ ಸರಕು ಸಾಗುತ್ತಿದ್ದ ದೋಣಿ ಟಿನ್ ಸರೋವರದಲ್ಲಿ ಮುಳುಗಿತು.

ಫರ್ಮಿಯ ಗ್ರಾಫೈಟ್ ಗುಡ್ಡೆ, ಅಂದರೆ ಪ್ರಯೋಗದ ರಿಯಾಕ್ಟರ್, 1942ರ ಡಿಸೆಂಬರ್ 2ರಂದು ಷಿಕಾಗೋದ ಒಂದು ಸ್ಕ್ವಾಷ್ ಅಂಕಣದಲ್ಲಿ ಜೀವ ಹಿಡಿಯಿತು. 57 ಪದರ, ಸುಮಾರು 350 ಟನ್ ಗ್ರಾಫೈಟ್, ಬಂದ ಶಕ್ತಿ ಅರ್ಧ ವಾಟ್. ಟಾರ್ಚಿನ ಬಲ್ಬಿಗೆ ಸಾಕಾಗುವಷ್ಟು.

ಪ್ರಶ್ನೆ: ಪ್ಲುಟೋನಿಯಂ ಬಾಂಬನ್ನು ಮಾತ್ರ ಪರೀಕ್ಷಿಸಿ, ಯುರೇನಿಯಂ ಬಾಂಬನ್ನು ಪರೀಕ್ಷಿಸದೆ ಹಾಕಿದ್ದೇಕೆ?

ಉತ್ತರ: ಯುರೇನಿಯಂ ಬಾಂಬು ಕೆಲಸ ಮಾಡುತ್ತದೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ, ಪರೀಕ್ಷಿಸಲು ಎರಡನೆಯದಕ್ಕೆ ಸಾಕಾಗುವಷ್ಟು ಸರಕೂ ಇರಲಿಲ್ಲ. ಪ್ಲುಟೋನಿಯಂನದು ಬೇರೆ ಕಥೆ. ರಿಯಾಕ್ಟರ್‌ನಲ್ಲಿ ಬೆಂದ ಪ್ಲುಟೋನಿಯಂ ಜೊತೆ 240 ಎಂಬ ಇನ್ನೊಂದು ಸಮಸ್ಥಾನಿ ಬರುತ್ತದೆ, ಅದು ತಾನಾಗಿ ಒಡೆದು ನ್ಯೂಟ್ರಾನ್ ಉದುರಿಸುತ್ತಿರುತ್ತದೆ. ಎಮಿಲಿಯೊ ಸೆಗ್ರೆ ಇದನ್ನು ಅಳೆದ ಮೇಲೆ, 1944ರ ಜುಲೈನಲ್ಲಿ, ಎರಡು ತುಂಡುಗಳನ್ನು ಫಿರಂಗಿಯಂತೆ ಕೂಡಿಸುವ ಯೋಜನೆಯನ್ನು ಪ್ಲುಟೋನಿಯಂ ಮಟ್ಟಿಗೆ ಕೈಬಿಟ್ಟರು. ಕೂಡುವ ಮೊದಲೇ ಅದು ಬಿಸಿಯಾಗಿ ಚದುರುತ್ತಿತ್ತು. ಬದಲಿಗೆ ಹಿಡಿದ, ಸುತ್ತಲಿಂದ ಒಳಕ್ಕೆ ಅದುಮುವ ವಿಧಾನ ಎಲ್ಲಿಯೂ ಮಾಡಿ ನೋಡದಂಥದ್ದು. ಹಾಗಾಗಿ ಟ್ರಿನಿಟಿ ಎಂಬ ಹೆಸರಿನ ಸ್ಫೋಟ ಪರೀಕ್ಷೆ.

ಪ್ರಶ್ನೆ: ಫರ್ಮಿ ಕಾಗದದ ಚೂರು ಹಾರಿಸಿ ಬಾಂಬಿನ ಶಕ್ತಿ ಅಳೆದರಂತೆ. ಕಟ್ಟುಕಥೆ ಅನಿಸುತ್ತದೆ. (ಪ್ರೌಢಶಾಲಾ ಶಿಕ್ಷಕಿ, ಸಿಂದಗಿ)

ಉತ್ತರ: ನಿಜ, ಅವರೇ ಬರೆದಿಟ್ಟಿದ್ದಾರೆ. ಅದು ಟ್ರಿನಿಟಿ ಪರೀಕ್ಷೆಯಲ್ಲಿ. 1945ರ ಜುಲೈ 16ರ ಬೆಳಗಿನ ಐದೂವರೆ, ನ್ಯೂ ಮೆಕ್ಸಿಕೊದ ಮರುಭೂಮಿ, ಫರ್ಮಿ ನಿಂತಿದ್ದದ್ದು 10 ಮೈಲಿ ದೂರದಲ್ಲಿ. ಬೆಳಕಿನ ನಂತರ ಸುಮಾರು 40 ಸೆಕೆಂಡಿಗೆ ಗಾಳಿಯ ಹೊಡೆತ ಬಂತು. ಅದು ಬರುವ ಮುಂಚೆ, ಬರುವಾಗ, ಬಂದ ಮೇಲೆ ಆರಡಿ ಎತ್ತರದಿಂದ ಕಾಗದದ ಚೂರು ಬಿಟ್ಟರು. ಬೇರೆ ಗಾಳಿ ಇರಲಿಲ್ಲವಾದ್ದರಿಂದ ಸರಿದ ದೂರವನ್ನು ಅಳೆಯಲು ಸಾಧ್ಯವಾಯಿತು: ಎರಡೂವರೆ ಮೀಟರ್. 10,000 ಟನ್ ಟಿಎನ್‌ಟಿ ಎಂದು ಅಂದಾಜಿಸಿದರು. ನಿಜದ ಅರ್ಧದಷ್ಟಾಯಿತು, ಕಾಗದದ ಚೂರಿಗೆ ಅದು ಕಳಪೆಯೇನಲ್ಲ.

ನಿಮ್ಮ ತರಗತಿಯಲ್ಲಿ ಮಾಡಿಸಬಹುದಾದ ಲೆಕ್ಕ ಇನ್ನೊಂದಿದೆ. ಸ್ಫೋಟದ ಚಿತ್ರಗಳು 1947ರಲ್ಲಿ ಬಿಡುಗಡೆಯಾದವು, ಚಿತ್ರದ ಮೇಲೆಯೇ ಸಮಯ ಮತ್ತು ಅಳತೆಪಟ್ಟಿ ಇತ್ತು. ಬ್ರಿಟನ್ನಿನ ಜೆಫ್ರಿ ಟೇಲರ್ ಅದರಿಂದಲೇ ಶಕ್ತಿ ತೆಗೆದು 1950ರಲ್ಲಿ ಪ್ರಕಟಿಸಿದರು. ಬೆಂಕಿಯುಂಡೆಯ ಶಕ್ತಿ = ಗಾಳಿಯ ಸಾಂದ್ರತೆ × ತ್ರಿಜ್ಯದ ಐದನೇ ಘಾತ ÷ ಸಮಯದ ವರ್ಗ, ಹೆಚ್ಚುಕಡಿಮೆ. 0.025 ಸೆಕೆಂಡಿನಲ್ಲಿ ತ್ರಿಜ್ಯ 140 ಮೀಟರ್, ಸಾಂದ್ರತೆ 1.2. 140ರ ಐದನೇ ಘಾತ 5,378 ಕೋಟಿ, 1.2ರಿಂದ ಗುಣಿಸಿ 0.000625ರಿಂದ ಭಾಗಿಸಿದರೆ 10ರ 14ನೇ ಘಾತದಷ್ಟು ಜೂಲ್. ಒಂದು ಕಿಲೋಟನ್‌ಗೆ 4.18 × 10ರ 12ನೇ ಘಾತ ಜೂಲ್, ಅಂದರೆ ಸುಮಾರು 25 ಕಿಲೋಟನ್. ಬಹುಕಾಲ ಅಧಿಕೃತವಾಗಿದ್ದ ಅಂಕಿ 21; 2021ರ ಮರುಲೆಕ್ಕದಲ್ಲಿ 24.8. ತ್ರಿಜ್ಯ ಓದುವಾಗ ಎಚ್ಚರ: ಐದನೇ ಘಾತವಾದ್ದರಿಂದ ಮಕ್ಕಳು ಶೇ. 5ರಷ್ಟು ತಪ್ಪಿದರೆ ಉತ್ತರ ಶೇ. 28ರಷ್ಟು ತಪ್ಪುತ್ತದೆ.

ಪ್ರಶ್ನೆ: ಬಾಂಬ್ ರೂಪಿಸಿದ ವಿಜ್ಞಾನಿಗಳ ಮುಖ್ಯಸ್ಥ ಆಪನ್‌ಹೈಮರ್, ಸ್ಫೋಟ ಕಂಡು ನೆನಪಾಯಿತೆಂದು ಗೀತೆಯ ಶ್ಲೋಕವನ್ನು ‘ನಾನೀಗ ಮೃತ್ಯು’ ಎಂದು ತಪ್ಪಾಗಿ ಹೇಳಿದರು, ಅಲ್ಲಿ ‘ಕಾಲ’ ಇದೆ, ‘ಮೃತ್ಯು’ ಅಲ್ಲ ಎನ್ನುತ್ತಾರೆ. (ನಿವೃತ್ತ ಸಂಸ್ಕೃತ ಅಧ್ಯಾಪಕರು, ಶೃಂಗೇರಿ)

ಉತ್ತರ: ಹನ್ನೊಂದನೇ ಅಧ್ಯಾಯದ 32ನೇ ಶ್ಲೋಕ, ‘ಕಾಲೋಽಸ್ಮಿ ಲೋಕಕ್ಷಯಕೃತ್ ಪ್ರವೃದ್ಧಃ’. ಪದ ಕಾಲವೇ, ನೀವು ಹೇಳುವುದು ಸರಿ. ಆದರೆ ಅವರು ಬರ್ಕ್ಲಿಯಲ್ಲಿ ಸಂಸ್ಕೃತ ಕಲಿತ ಗುರು ಆರ್ಥರ್ ರೈಡರ್, ತಮ್ಮ ಅನುವಾದದಲ್ಲಿ ಇದನ್ನು ಮೃತ್ಯು ಎಂದೇ ಇಂಗ್ಲಿಷಿಗೆ ತಂದಿದ್ದರು. ನಾವೂ ಕನ್ನಡದಲ್ಲಿ ಸತ್ತವರನ್ನು ‘ಕಾಲವಾದರು’ ಎನ್ನುತ್ತೇವಲ್ಲ, ಆದ್ದರಿಂದ ಅವರನ್ನು ತೀರ ತಪ್ಪಿತಸ್ಥರಾಗಿಸುವುದು ನಮಗೆ ಒಪ್ಪಿಗೆಯಿಲ್ಲ. ಇನ್ನೊಂದು ಮಾತು: ಈ ಸಾಲು ತಮಗೆ ನೆನಪಾಯಿತು ಎಂದು ಅವರು ಕ್ಯಾಮೆರಾ ಮುಂದೆ ಹೇಳಿದ್ದು 1965ರಲ್ಲಿ. ಟ್ರಿನಿಟಿಯ ಬೆಳಿಗ್ಗೆ ಪಕ್ಕದಲ್ಲಿದ್ದ ತಮ್ಮ ಫ್ರಾಂಕ್‌ಗೆ ನೆನಪಿದ್ದದ್ದು ಇಷ್ಟೇ, ಅಣ್ಣ ‘ಕೆಲಸ ಮಾಡಿತು’ ಅಂದ ಹಾಗಿತ್ತು.